ಹೊಳೆಯ ದಾಯಾದಿಗಳು

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ನಮ್ಮ ಗಾದೆ ಮೀನುಗಳಿಗೂ ಸಲ್ಲುವುದೇ? ಪ್ರಶ್ನೆ ತಮಾಷೆಯದಾಗಿ ತೋರಬಹುದು. ಆದರೆ ಅದರ ಹಿಂದೆ ಅರ್ಧ ಶತಮಾನದ ಇತಿಹಾಸವಿದೆ.

ಆ ಇತಿಹಾಸ ಆರಂಭವಾಗುವುದೂ ಒಂದು ಹೊಳೆಯಿಂದಲೇ. ತುಂಬಿದ ಹೊಳೆಯಲ್ಲಿ ಮುಳುಗುತ್ತಿರುವ ಮಗುವಿಗಾಗಿ ನೀರಿಗೆ ಹಾರುವ ಗುಣವು ವಂಶವಾಹಿಯಿಂದ ಬಂದುದಾದರೆ, ಅದು ಪೀಳಿಗೆಗಳಲ್ಲಿ ಉಳಿದೀತೇ ಎಂದು ಜೆ.ಬಿ.ಎಸ್. ಹಾಲ್ಡೇನ್ 1955ರ ಲೇಖನವೊಂದರಲ್ಲಿ ಲೆಕ್ಕ ಹಾಕಿದರು. ಸ್ವಂತ ಮಗುವೋ ಒಡಹುಟ್ಟಿದವರೋ ಆದರೆ ಅವರಲ್ಲಿಯೂ ಅದೇ ವಂಶವಾಹಿ ಇರುವ ಸಂಭವ ಅರ್ಧ. ದೂರದ ಬಂಧುವಾದರೆ ಕಡಿಮೆ. ತಾವು ಎರಡು ಸಲ ಮುಳುಗುವವರನ್ನು ಮೇಲೆಳೆದಾಗ ಇಂಥ ಲೆಕ್ಕಕ್ಕೆ ಪುರಸತ್ತೇ ಇರಲಿಲ್ಲವೆಂದೂ ಅವರು ಅಲ್ಲಿಯೇ ಸೇರಿಸಿದರು. ಈ ಒಂದು ಮಾತಿಗಾಗಿಯೇ ಅವರು ನನಗೆ ಪ್ರಿಯರು. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದ ಹಾಲ್ಡೇನ್ 1964ರ ಡಿಸೆಂಬರಿನಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಅದೇ ವರ್ಷ ಡಬ್ಲ್ಯೂ.ಡಿ. ಹ್ಯಾಮಿಲ್ಟನ್ ಈ ವಿಚಾರಕ್ಕೆ ಪೂರ್ಣ ಗಣಿತರೂಪ ಕೊಟ್ಟು ಪ್ರಕಟಿಸಿದರು.

ಇದರ ಪರೀಕ್ಷೆಗೆ ಅಟ್ಲಾಂಟಿಕ್ ಸಾಲ್ಮನ್ ಹೇಳಿಮಾಡಿಸಿದ ಮೀನು. ತಾಯಿ ನದೀತಳದ ಜಲ್ಲಿಯನ್ನು ಬಾಲದಿಂದ ತೋಡಿ, ಮೊಟ್ಟೆಯಿಟ್ಟು ಮುಚ್ಚುತ್ತದೆ. ವಸಂತದಲ್ಲಿ ಕಲ್ಲಿನ ಸಂದುಗಳಿಂದ ಹೊರಬಂದ ಮರಿಗಳು ಬಹುಬೇಗ ನೆಲೆಗಾಗಿ ಜಗಳಕ್ಕೆ ನಿಲ್ಲುತ್ತವೆ. ಒಂದು ಕಲ್ಲಿನ ಮರೆ, ಹರಿವಿನಲ್ಲಿ ತೇಲಿಬರುವ ಹುಳು, ಇಷ್ಟೇ ಆಸ್ತಿ. ಅದು ದಕ್ಕದ ಮರಿ ಬದುಕುವುದು ಕಷ್ಟ.

1990ರ ದಶಕದ ಆರಂಭದಲ್ಲಿ ಕೆನಡಾದ ಗ್ರಾಂಟ್ ಬ್ರೌನ್ ಮತ್ತು ಜೋಸೆಫ್ ಬ್ರೌನ್, ಒಡಹುಟ್ಟಿದ ಮರಿಗಳನ್ನಷ್ಟೇ ಕೃತಕ ಕಾಲುವೆಯಲ್ಲಿ ಬಿಟ್ಟಾಗ ಕಚ್ಚಾಟ ಕಡಿಮೆಯೆಂದೂ ಬೆಳವಣಿಗೆ ಉತ್ತಮವೆಂದೂ ತೋರಿಸಿದರು. ನೀರಿನಲ್ಲಿ ಕರಗಿದ ವಾಸನೆಯೇ ಅವುಗಳಿಗೆ ಬಂಧುವಿನ ಗುರುತು. ಹ್ಯಾಮಿಲ್ಟನ್ನರ ಗಣಿತ ಗೆದ್ದಿತೆಂದೇ ಇದನ್ನೋದಿದಾಗ ನನಗೂ ಅನ್ನಿಸಿತ್ತು.

ಆದರೆ ನಿಜವಾದ ನದಿಯನ್ನು ಕೇಳಬೇಕಲ್ಲ! ಬರಿಗಣ್ಣಿಗೆ ಮರಿಗಳೆಲ್ಲ ಒಂದೇ. ಡಿ.ಎನ್.ಎ.ಯಲ್ಲಿ ಮರುಕಳಿಸುವ ಸಣ್ಣ ತುಣುಕುಗಳನ್ನು ಹೋಲಿಸಿ ಒಡಹುಟ್ಟನ್ನು ಗುರುತಿಸುವ ವಿಧಾನ ಕೈಗೆ ಬಂದ ಮೇಲೆ, ಫಾಂಟೇನ್ ಮತ್ತು ಡಾಡ್ಸನ್ ಕ್ವಿಬೆಕ್ ಪ್ರಾಂತದ ಸೇಂಟ್ ಮಾರ್ಗರೀಟ್ ನದಿಯ ಮರಿಗಳನ್ನು ಪರೀಕ್ಷಿಸಿದರು. 1999ರಲ್ಲಿ ಪ್ರಕಟವಾದ ಉತ್ತರ ನಿರಾಶೆಯದು: ಒಡಹುಟ್ಟಿದವು ಒಂದರ ಪಕ್ಕ ಒಂದು ನೆಲೆಸಿರಲಿಲ್ಲ. 2001ರಲ್ಲಿ ಗ್ರಿಫಿತ್ಸ್ ಮತ್ತು ಆರ್ಮ್‌ಸ್ಟ್ರಾಂಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಂಧುಗಳ ನೆರೆಯಿಂದಾಗುವ ಲಾಭಕ್ಕಿಂತ ಬೇರೆ ಬೇರೆ ಕುಟುಂಬಗಳ ಮರಿಗಳು ಬೆರೆತಿದ್ದಾಗಿನ ಲಾಭವೇ ದೊಡ್ಡದೆಂದು ಅವರು ಕಂಡರು. ಒಂದೇ ಮನೆಯ ಮಕ್ಕಳಿಗೆ ಒಂದೇ ಬಗೆಯ ಆಸ್ತಿ ಬೇಕಾದರೆ ಪೈಪೋಟಿ ಹೆಚ್ಚುವುದಲ್ಲವೇ?

ಮರಿಗಳನ್ನು ಸಾಕಿ ನದಿಗೆ ಬಿಡುವವರಿಗೆ ಇದು ಬರಿಯ ಕುತೂಹಲದ ಮಾತಲ್ಲ. ಒಂದೇ ತಾಯಿಯ ಮರಿಗಳನ್ನೆಲ್ಲ ಒಂದೇ ತಿರುವಿನಲ್ಲಿ ಸುರಿಯಬೇಕೇ, ಬೇಡವೇ ಎಂಬುದನ್ನು ಅವರು ಇದರಿಂದಲೇ ತೀರ್ಮಾನಿಸಬೇಕು.