ಮೊದಲ ಕನ್ನಡ ಎಂ.ಎ. ತರಗತಿ

‘ಕನ್ನಡ ಎಂ.ಎ. ಮಾಡಿ ಏನಾಗಬೇಕು ಸ್ವಾಮಿ?’ ಈ ಪ್ರಶ್ನೆಯನ್ನು ವಿದ್ಯಾರ್ಥಿಯಾಗಿದ್ದಾಗ ಮನೆಯ ಹಿರಿಯರಿಂದ ಕೇಳಿದ್ದೆ. ಈಗ ಅಧ್ಯಾಪಕನಾಗಿ ವಿದ್ಯಾರ್ಥಿಗಳ ತಂದೆಯರಿಂದ ಕೇಳುತ್ತಿದ್ದೇನೆ. ಈ ವರ್ಷ ಒಬ್ಬ ಹುಡುಗನ ತಂದೆ ಹೀಗೆ ಕೇಳಿದಾಗ ಮೈಸೂರಿನ ಹಳೆಯ ಸಂಗತಿಯೊಂದನ್ನು ಅವರಿಗೆ ಹೇಳಿದೆ.

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಔದಾರ್ಯ, ದಿವಾನ್ ವಿಶ್ವೇಶ್ವರಯ್ಯನವರ ಹಟ, ಎರಡೂ ಅದರ ಬೆನ್ನಿಗಿದ್ದವು. ಆದರೂ ಕನ್ನಡದಲ್ಲಿ ಎಂ.ಎ. ತರಗತಿ ತೆರೆದದ್ದು 1927ರಲ್ಲಿ. ನಾಡಿನ ನುಡಿ ತನ್ನ ಮನೆಯ ಅಂಗಳದಲ್ಲೇ ಹನ್ನೊಂದು ವರ್ಷ ನಿಂತು ಕಾಯಬೇಕಾಯಿತು! ಅದರ ಪರವಾಗಿ ಗಟ್ಟಿಯಾಗಿ ಮಾತನಾಡಿದವರಲ್ಲಿ ಮೊದಲಿಗರಾದ ಬಿ.ಎಂ.ಶ್ರೀಯವರು ಇಂಗ್ಲಿಷ್ ಪ್ರಾಧ್ಯಾಪಕರೆಂಬುದು ಒಂದು ವಿನೋದ.

ಆ ಮೊದಲ ತಂಡದಲ್ಲಿ ಓದಿ 1929ರಲ್ಲಿ ತೇರ್ಗಡೆಯಾದವರಲ್ಲಿ ಇಬ್ಬರು ಕೆ.ವಿ. ಪುಟ್ಟಪ್ಪನವರು ಮತ್ತು ಡಿ.ಎಲ್. ನರಸಿಂಹಾಚಾರ್ಯರು. ಗುರುಗಳು ಟಿ.ಎಸ್. ವೆಂಕಣ್ಣಯ್ಯನವರು. ಅವರು ಬರೆದದ್ದು ಅಲ್ಪ. ಪ್ರಕಟಣೆಗಳನ್ನು ಎಣಿಸಿ ಬಡ್ತಿ ಕೊಡುವ ಇಂದಿನ ಲೆಕ್ಕದಲ್ಲಿ ಅವರ ಗತಿ ಏನಾಗುತ್ತಿತ್ತೋ! 1939ರಲ್ಲಿ ಅವರು ತೀರಿಕೊಂಡರು. ಆಮೇಲೆ ಹೊರಬಂದ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಶಿಷ್ಯ ಅರ್ಪಿಸಿದ್ದು ಆ ಗುರುವಿಗೇ.

ಕುವೆಂಪು ಅವರ ಮುಂದಿನ ಕಥೆ ಎಲ್ಲರಿಗೂ ಗೊತ್ತು. 1956ರಲ್ಲಿ ಅದೇ ವಿಶ್ವವಿದ್ಯಾನಿಲಯದ ಕುಲಪತಿಗಳಾದರು, ಮಾನಸಗಂಗೋತ್ರಿಯನ್ನು ಕಟ್ಟಿದರು, ಜ್ಞಾನಪೀಠ ಪಡೆದರು. ಡಿ.ಎಲ್.ಎನ್. ಅವರ ಕೆಲಸಕ್ಕೆ ಅಂಥ ಮೆರವಣಿಗೆ ಇಲ್ಲ. ಓಲೆಗರಿಯಲ್ಲಿ ಪದಗಳ ನಡುವೆ ತೆರಪಿರದು. ಎಕಾರ ಏಕಾರಗಳ, ಒಕಾರ ಓಕಾರಗಳ ಭೇದ ಕಾಣದು. ಹುಳು ತಿಂದ ಜಾಗದಲ್ಲಿ ಲಿಪಿಕಾರ ಊಹಿಸಿ ಬರೆದದ್ದನ್ನು ಮುಂದಿನವನು ನಂಬಿ ನಕಲು ಮಾಡಿರುತ್ತಾನೆ. ಅಂಥ ಪ್ರತಿಗಳನ್ನು ಒಂದರ ಪಕ್ಕ ಒಂದಿಟ್ಟು, ಒಂದು ಅಕ್ಷರಕ್ಕಾಗಿ ದಿನಗಟ್ಟಲೆ ಕೂತು, ಒಪ್ಪಿದ್ದನ್ನು ಮೇಲೆ, ಬಿಟ್ಟದ್ದನ್ನು ಅಡಿಟಿಪ್ಪಣಿಯಲ್ಲಿ ಕೊಡಬೇಕು. ಬಿಟ್ಟ ಪಾಠವನ್ನೂ ಓದುಗನಿಗೆ ತೋರಿಸುವುದೇ ಈ ವಿದ್ಯೆಯ ಪ್ರಾಮಾಣಿಕತೆ. ಹತ್ತೊಂಬತ್ತು ಕಥೆಗಳ ‘ವಡ್ಡಾರಾಧನೆ’, ನಮಗೆ ದೊರೆತಿರುವ ಹಳಗನ್ನಡ ಗದ್ಯಕೃತಿಗಳಲ್ಲೇ ಬಹು ಪ್ರಾಚೀನವಾದದ್ದು, ಇಂದು ತರಗತಿಯಲ್ಲಿ ನಮ್ಮ ಕೈಗೆ ಸಿಗುವುದು ಅವರು ಪಟ್ಟ ಈ ಪಾಡಿನಿಂದ. ವಿಶ್ವವಿದ್ಯಾನಿಲಯದ ಹಿರಿಮೆಯನ್ನು ಹೇಳುವಾಗ ನಾನಾದರೆ ಪದವಿ ಪ್ರಶಸ್ತಿಗಳಿಗಿಂತ ಮೊದಲು ಇದನ್ನು ಹೇಳುತ್ತೇನೆ.

ಹುಡುಗನ ತಂದೆ ಎಲ್ಲವನ್ನೂ ಸಾವಧಾನವಾಗಿ ಕೇಳಿದರು. ‘ಅದೆಲ್ಲ ಸರಿ, ಸಂಬಳ ಎಷ್ಟು ಬರುತ್ತೆ?’ ಎಂದರು. ಇದ್ದದ್ದನ್ನು ಹೇಳಿದೆ. ಅವರ ಮುಖ ಬಾಡಿತು.

ಹುಡುಗ ಮಾತ್ರ ಸೇರಿದ್ದಾನೆ. ಹೋದ ವಾರ ‘ವಡ್ಡಾರಾಧನೆ’ಯ ಪಾಠ ಮುಗಿದ ಮೇಲೆ ಮೇಜಿನ ಬಳಿ ಬಂದು, ಅಡಿಟಿಪ್ಪಣಿಯ ಮೇಲೆ ಬೆರಳಿಟ್ಟು, ‘ಸಾರ್, ಈ ಪಾಠಾಂತರವನ್ನು ಯಾಕೆ ಬಿಟ್ಟರು? ಇದೇ ಸರಿ ಅನ್ನಿಸುತ್ತೆ’ ಎಂದ. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಇಬ್ಬರೂ ಗ್ರಂಥಾಲಯಕ್ಕೆ ಹೋದೆವು.