ಶೇಂಗಾ ಎಣ್ಣೆ ಗಟ್ಟಿಯಾದ ಕಥೆ

ಯಾದಗಿರಿ, ಶಹಾಪುರ, ಸುರಪುರ ಕಡೆಯವರಿಗೆ ಶೇಂಗಾದ ಬಗ್ಗೆ ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ. ರೊಟ್ಟಿಯ ಪಕ್ಕದ ಹಿಂಡಿಯಿಂದ ಹಬ್ಬದ ಹೋಳಿಗೆಯವರೆಗೆ ಅದೇ. ಗಾಣದಿಂದ ತಂದ ಶೇಂಗಾ ಎಣ್ಣೆ ನಮ್ಮ ಚಳಿಗಾಲದಲ್ಲೂ ಡಬ್ಬಿಯೊಳಗೆ ತೆಳ್ಳಗೆ ಅಲುಗಾಡುತ್ತಿರುತ್ತದೆ. ಇದೇ ಎಣ್ಣೆಯನ್ನು ತುಪ್ಪದಂತೆ ಹೆಪ್ಪುಗಟ್ಟಿಸಿ ಮಾರಿದರೆ ಅದನ್ನು ಶೇಂಗಾ ಎಣ್ಣೆ ಎನ್ನಬೇಕೋ, ಬೇರೊಂದು ವಸ್ತು ಎನ್ನಬೇಕೋ?

ಇದು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಪ್ರಶ್ನೆ. ತುಂಗಭದ್ರೆಯಾಚೆಯ ಕರ್ನೂಲಿನಲ್ಲಿ ತುಂಗಭದ್ರಾ ಇಂಡಸ್ಟ್ರೀಸ್ ಎಂಬ ಕಂಪನಿ ಶೇಂಗಾ ಕೊಂಡು, ಎಣ್ಣೆ ತೆಗೆದು, ಅದರಲ್ಲಿ ಒಂದು ಭಾಗವನ್ನು ವನಸ್ಪತಿಯಾಗಿ ಮಾರುತ್ತಿತ್ತು. ಶೇಂಗಾ ಕೊಂಡು ಶೇಂಗಾ ಎಣ್ಣೆ ಮಾರುವವರಿಗೆ ಮದ್ರಾಸ್ ಪ್ರಾಂತ್ಯದ ಕಾಲದ ಮಾರಾಟ ತೆರಿಗೆ ನಿಯಮದಲ್ಲಿ ಒಂದು ರಿಯಾಯಿತಿ ಇತ್ತು. ‘ನೀವು ಮಾರುವುದು ಎಣ್ಣೆಯಲ್ಲ, ಗಟ್ಟಿ ಪದಾರ್ಥ’ ಎಂಬ ಕಾರಣ ಕೊಟ್ಟು ತೆರಿಗೆ ಅಧಿಕಾರಿ ವನಸ್ಪತಿಗೆ ಆ ರಿಯಾಯಿತಿ ನಿರಾಕರಿಸಿದರು. 1960ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. ಜಲಜನಕ ಸೇರಿದರೂ, ಹೆಪ್ಪುಗಟ್ಟಿದರೂ ಅದು ಶೇಂಗಾ ಎಣ್ಣೆಯೇ ಎಂದಿತು ನ್ಯಾಯಾಲಯ. ಕಂಪನಿ ಗೆದ್ದಿತು.

ಅಷ್ಟಕ್ಕೂ ಎಣ್ಣೆಯನ್ನು ಗಟ್ಟಿ ಮಾಡುವುದು ಹೇಗೆ? ಉತ್ತರ ಇರುವುದು ನಿಕ್ಕಲ್ ಎಂಬ ಲೋಹದ ಮೈಮೇಲೆ.

ಫ್ರಾನ್ಸಿನ ತುಲೂಸ್ ಪಟ್ಟಣದ ಪ್ರೊಫೆಸರ್ ಪಾಲ್ ಸಬಾತಿಯೆ 1897ರಲ್ಲಿ ಎಥಿಲೀನ್ ಅನಿಲವನ್ನು ಜಲಜನಕದೊಂದಿಗೆ ನಿಕ್ಕಲ್ ಪುಡಿಯ ಮೇಲೆ ಹಾಯಿಸಿದಾಗ ಅವೆರಡೂ ಸುಲಭವಾಗಿ ಕೂಡಿಕೊಂಡವು. ಈ ಕೆಲಸಕ್ಕಾಗಿ 1912ರಲ್ಲಿ ಅವರಿಗೆ ನೊಬೆಲ್ ಬಹುಮಾನ ಸಂದಿತು. ಅನಿಲಕ್ಕೆ ಒಗ್ಗಿದ ಉಪಾಯ ದ್ರವರೂಪದ ಎಣ್ಣೆಗೂ ಒಗ್ಗುತ್ತದೆಂದು ತೋರಿಸಿ 1902ರಲ್ಲಿ ಪೇಟೆಂಟ್ ಪಡೆದವರು ಜರ್ಮನಿಯ ವಿಲ್ಹೆಲ್ಮ್ ನಾರ್ಮನ್. ಎಣ್ಣೆಯನ್ನು ಚೆನ್ನಾಗಿ ಕಾಯಿಸಿ, ನಯವಾದ ನಿಕ್ಕಲ್ ಪುಡಿ ಬೆರೆಸಿ, ಒತ್ತಡದಲ್ಲಿ ಜಲಜನಕ ಹಾಯಿಸಿ, ಕೊನೆಗೆ ನಿಕ್ಕಲನ್ನು ಸೋಸಿ ತೆಗೆದರೆ ಕೆಲಸ ಮುಗಿಯಿತು. ನಿಕ್ಕಲ್ ಖರ್ಚಾಗುವುದಿಲ್ಲ. ಮದುವೆಯ ದಲ್ಲಾಳಿಯ ಹಾಗೆ, ಸಂಬಂಧ ಕೂಡಿಸಿ ತಾನು ಹೊರಗೇ ಉಳಿಯುತ್ತದೆ.

ಒಳಗೆ ನಡೆಯುವುದು ಮಾತ್ರ ಸ್ವಾರಸ್ಯಕರವಾಗಿದೆ. ಎಣ್ಣೆಯ ಅಣುವೆಂದರೆ ಇಂಗಾಲದ ಉದ್ದನೆಯ ಸರಪಳಿಗಳು. ಈ ಸರಪಳಿಯಲ್ಲಿ ಅಲ್ಲಲ್ಲಿ ಜೋಡಿ ಬಂಧಗಳಿದ್ದು, ಅಂಥ ಕಡೆಯೆಲ್ಲ ಅದು ಕುಡುಗೋಲಿನಂತೆ ಬಾಗಿರುತ್ತದೆ. ಬಾಗಿದ ಕಟ್ಟಿಗೆಯನ್ನು ಒತ್ತಾಗಿ ಒಟ್ಟಲು ಬರುವುದಿಲ್ಲವಲ್ಲ, ಹಾಗೆಯೇ ಈ ಅಣುಗಳೂ ಒತ್ತಾಗಿ ಕೂರುವುದಿಲ್ಲ. ಆದ್ದರಿಂದಲೇ ಎಣ್ಣೆ ದ್ರವ. ಜೋಡಿ ಬಂಧಕ್ಕೆ ಜಲಜನಕ ಸೇರಿಸಿದರೆ ಸರಪಳಿ ನೆಟ್ಟಗಾಗುತ್ತದೆ, ಎಣ್ಣೆ ಗಟ್ಟಿಯಾಗುತ್ತದೆ.

ಆದರೆ ಜಲಜನಕದ ಎರಡು ಪರಮಾಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ನಿಕ್ಕಲ್‌ನ ಮೈಗೆ ತಾಗಿದಾಗ ಈ ಹಿಡಿತ ಸಡಿಲಿ, ಪರಮಾಣುಗಳು ಬೇರೆ ಬೇರೆಯಾಗಿ ಲೋಹಕ್ಕೆ ಅಂಟಿಕೊಳ್ಳುತ್ತವೆ. ಇದು ಅರಿವೆ ನೀರು ಹೀರಿದಂತೆ ಒಳಕ್ಕೆ ಇಳಿಯುವುದಲ್ಲ, ಹೊರಮೈಗೆ ಮಾತ್ರ ಅಂಟುವುದು. ಇಂಥ ಅಂಟು ಬಹುಮಟ್ಟಿಗೆ ಒಂದೇ ಅಣುವಿನ ದಪ್ಪದ ಪದರ ಎಂಬುದನ್ನು ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ವಿವರಿಸಿದರು. ಅವರಿಗೂ 1932ರಲ್ಲಿ ನೊಬೆಲ್ ಸಂದಿತು. ಹೊರಮೈ ಹೆಚ್ಚಿದಷ್ಟೂ ಕೆಲಸ ಹೆಚ್ಚು, ಆದ್ದರಿಂದಲೇ ನಿಕ್ಕಲನ್ನು ಪುಡಿ ಮಾಡಿ ಹಾಕುತ್ತಾರೆ.

ಎಣ್ಣೆಯ ಅಣುವೂ ತನ್ನ ಜೋಡಿ ಬಂಧದ ಕಡೆಯಿಂದ ಅದೇ ಲೋಹಕ್ಕೆ ಅಂಟುತ್ತದೆ. ಪಕ್ಕದ ಜಲಜನಕದ ಒಂದು ಪರಮಾಣು ಅದಕ್ಕೆ ಸೇರುತ್ತದೆ. ಈಗ ಅರ್ಧ ಕೆಲಸವಾಯಿತು. ಇನ್ನೊಂದೂ ಸೇರಿದರೆ ಪೂರ್ತಿ. ಆದರೆ ಎಲ್ಲ ಸಲವೂ ಹಾಗಾಗುವುದಿಲ್ಲ. 1934ರಲ್ಲಿ ಹೊರಿಯುತಿ ಮತ್ತು ಪೊಲಾನಿ ಎಂಬ ವಿಜ್ಞಾನಿಗಳು ಹೇಳಿದಂತೆ, ಈ ಅರ್ಧ ಹಂತದಿಂದ ಅಣು ಹಿಂದಕ್ಕೂ ಹೋಗಬಹುದು. ಒಂದು ಜಲಜನಕವನ್ನು ಬಿಟ್ಟುಕೊಟ್ಟು, ಜೋಡಿ ಬಂಧವನ್ನು ಮರಳಿ ಕಟ್ಟಿಕೊಂಡು, ಲೋಹವನ್ನು ಬಿಟ್ಟು ಹೊರಡುತ್ತದೆ. ಅಷ್ಟರಲ್ಲಿ ಅದರ ಮೈ ತಿರುಗಿರಬಹುದು. ಬಾಗಿದ್ದ ಸರಪಳಿ ಜೋಡಿ ಬಂಧ ಉಳಿಸಿಕೊಂಡೂ ಹೆಚ್ಚುಕಡಿಮೆ ನೆಟ್ಟಗಾಗಿರುತ್ತದೆ. ಇದೇ ಟ್ರಾನ್ಸ್ ಕೊಬ್ಬು.

ಭಾರತದಲ್ಲಿ 1937ರಿಂದ ಡಾಲ್ಡಾ ಹೆಸರಿನಲ್ಲಿ ಮಾರಾಟವಾದ ವನಸ್ಪತಿ ತುಪ್ಪ ಕೊಳ್ಳಲಾಗದ ಮನೆಗಳ ಒಲೆಯ ಪಕ್ಕಕ್ಕೆ ಬಂದು ಕೂತಿತು. ತಾಳೆ ಮರದ ಚಿತ್ರದ ಆ ಹಳದಿ ಡಬ್ಬಿ ಖಾಲಿಯಾದ ಮೇಲೆ ಕಾಳು ತುಂಬುವುದಕ್ಕೂ, ತುಳಸಿ ನೆಡುವುದಕ್ಕೂ ಬಂತು. ವಿರೋಧವೂ ಕಡಿಮೆಯಿರಲಿಲ್ಲ. ಗಾಂಧೀಜಿ ವನಸ್ಪತಿಯನ್ನು ಒಪ್ಪಲಿಲ್ಲ. ಸ್ವಾತಂತ್ರ್ಯದ ನಂತರ ಅದನ್ನು ನಿಷೇಧಿಸಬೇಕೆಂಬ ಒತ್ತಾಯ ಸಂಸತ್ತಿನವರೆಗೂ ಹೋಯಿತು. ಆಗಿನ ದೊಡ್ಡ ಆತಂಕ ತುಪ್ಪದ ಕಲಬೆರಕೆ. ಅದಕ್ಕೆ ಸರ್ಕಾರ ಕಂಡುಕೊಂಡ ಉಪಾಯ ಜಾಣತನದ್ದು: ವನಸ್ಪತಿಗೆ ಕನಿಷ್ಠ ಶೇ 5ರಷ್ಟು ಎಳ್ಳೆಣ್ಣೆ ಸೇರಿಸಲೇಬೇಕು. ಇಂಥ ವನಸ್ಪತಿ ಬೆರೆತ ತುಪ್ಪಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫರ್ಫ್ಯುರಾಲ್ ಹಾಕಿದರೆ ಕೆಂಪು ಬಣ್ಣ ಮೂಡಿ ಕಳ್ಳ ಸಿಕ್ಕಿಬೀಳುತ್ತಿದ್ದ.

ಕಲಬೆರಕೆ ಹಿಡಿಯುವುದರಲ್ಲೇ ದಶಕಗಳು ಕಳೆದವು. ಆ ದಿನಗಳಲ್ಲಿ ಡಬ್ಬಿಯೊಳಗಿನ ತಿರುಗಿದ ಅಣುವಿನ ಕಡೆ ಹೆಚ್ಚಿನವರ ಗಮನ ಹರಿಯಲಿಲ್ಲ. 1990ರಲ್ಲಿ ಹಾಲೆಂಡಿನ ಮೆನ್ಸಿಂಕ್ ಮತ್ತು ಕಾಟನ್ ಪ್ರಕಟಿಸಿದ ಅಧ್ಯಯನ, ಟ್ರಾನ್ಸ್ ಕೊಬ್ಬು ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆ ಎಂದು ತೋರಿಸಿತು. ಹೃದಯಕ್ಕೆ ಎರಡು ಕಡೆಯಿಂದಲೂ ಪೆಟ್ಟು. ನಮ್ಮ ದೇಶ ಇದಕ್ಕೆ ಮಿತಿ ಹಾಕಿದ್ದು ತಡವಾಗಿ, ಹಂತ ಹಂತವಾಗಿ: 2021ರಲ್ಲಿ ಶೇ 3, 2022ರ ಜನವರಿಯಿಂದ ಶೇ 2. ತುಪ್ಪ ಕೊಳ್ಳುವ ಶಕ್ತಿ ಇಲ್ಲದವರೇ ಹೆಚ್ಚಾಗಿ ತಿಂದ ಪದಾರ್ಥವಿದು ಎಂಬುದನ್ನು ನೆನೆದರೆ ಆ ತಡ ಸಣ್ಣದೆನ್ನಿಸುವುದಿಲ್ಲ.

ವಿಚಿತ್ರವೆಂದರೆ ಪೂರ್ತಿ ಗಟ್ಟಿ ಮಾಡಿದ ಎಣ್ಣೆಯಲ್ಲಿ ಟ್ರಾನ್ಸ್ ಕೊಬ್ಬು ಉಳಿಯುವುದೇ ಇಲ್ಲವೆನ್ನಬಹುದು, ಏಕೆಂದರೆ ತಿರುಗಲು ಜೋಡಿ ಬಂಧವೇ ಇರುವುದಿಲ್ಲ. ಆದರೆ ಅದು ಮೇಣದಂತೆ ಬಿರುಸಾಗಿ ಅಡುಗೆಗೆ ಬಾರದು. ಆದ್ದರಿಂದಲೇ ಕಾರ್ಖಾನೆಗಳು ನಡುವೆಯೇ ನಿಲ್ಲಿಸುತ್ತಿದ್ದವು, ನಡುವೆ ನಿಂತಲ್ಲೇ ತೊಂದರೆಯೂ ಉಳಿಯುತ್ತಿತ್ತು. ಈಗಿನ ವನಸ್ಪತಿಯಲ್ಲಿ ಹೆಚ್ಚಿನದು ಹೊರದೇಶದಿಂದ ಬರುವ ತಾಳೆ ಎಣ್ಣೆ. ಸಹಜವಾಗಿಯೇ ಅರೆಗಟ್ಟಿಯಾದ ಅದಕ್ಕೆ ನಿಕ್ಕಲ್‌ನ ಹಂಗು ಕಡಿಮೆ. ನಮ್ಮ ಶೇಂಗಾ ಮತ್ತೆ ಹಿಂಡಿಗೆ, ಹೋಳಿಗೆಗೆ, ತೆಳ್ಳನೆಯ ಎಣ್ಣೆಗೆ ಮರಳಿದೆ.