ಚೆಕ್ಕುಬಂದಿಯ ಚರಿತ್ರೆ

ಮನೆಯ ಕ್ರಯಪತ್ರವನ್ನು ತೆರೆದು ನೋಡಿದರೆ ಅದರ ಕೊನೆಯಲ್ಲಿ ನಾಲ್ಕು ಸಾಲುಗಳು ಕಾಣುವುವು: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಖಾಲಿ ನಿವೇಶನ. ಇದೇ ಚೆಕ್ಕುಬಂದಿ. ಕ್ರಯದ ಮೊಬಲಗನ್ನು ಎರಡು ಸಲ ಓದುವ ನಾವು ಈ ಸಾಲುಗಳನ್ನು ಒಮ್ಮೆಯೂ ಸರಿಯಾಗಿ ಓದುವುದಿಲ್ಲ. ಆದರೆ ಕೊಂಡ ನೆಲ ಯಾವುದೆಂದು ಹೇಳತಕ್ಕವು ಇವೇ.

ಈ ಕ್ರಮ ನಮ್ಮಲ್ಲಿ ಬಹಳ ಹಳೆಯದು. ಭೂದಾನದ ಶಾಸನಗಳನ್ನು ನೋಡಿರಿ. ಅನೇಕ ಶಾಸನಗಳಲ್ಲಿ ಬರೆದವನು ಮೂಡಲಿನಿಂದಲೋ ಈಶಾನ್ಯದಿಂದಲೋ ಹೊರಟು, ಪ್ರದಕ್ಷಿಣೆಯಾಗಿ ಭೂಮಿಯನ್ನು ಸುತ್ತುತ್ತಾನೆ. ಹುಣಿಸೆಯ ಮರ, ಹುತ್ತ, ಕೆರೆಯ ಕೋಡಿ, ಹೆದ್ದಾರಿ, ನೆಟ್ಟ ಕಲ್ಲು ಎಂದು ಒಂದೊಂದೇ ಗುರುತನ್ನು ಹೆಸರಿಸುತ್ತಾ ಹೊರಟಲ್ಲಿಗೇ ಬಂದು ಸೇರುತ್ತಾನೆ. ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲು, ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು. ಓದಲು ಬಾರದವನಿಗೂ ಎಲ್ಲೆ ತಿಳಿಯಬೇಕಷ್ಟೆ.

ಈ ಪದ್ಧತಿಗೆ ಎರಡು ಕೊರತೆಗಳಿದ್ದುವು. ಮರ ಒಣಗುತ್ತದೆ, ಹುತ್ತ ಕರಗುತ್ತದೆ. ಮತ್ತರು, ಕಮ್ಮ ಎಂಬ ಅಳತೆಗಳೂ ಅಳೆಯುವ ಕೋಲಿನೊಡನೆ ಊರಿಂದೂರಿಗೆ ಬದಲಾಗುತ್ತಿದ್ದುವು. ಮೈಸೂರಿನಲ್ಲಿ 1863ರಲ್ಲಿ ಬೊಂಬಾಯಿ ಪ್ರಾಂತ್ಯದ ಮಾದರಿಯ ಸರ್ವೆ ಆರಂಭವಾದಾಗ ಇವೆರಡಕ್ಕೂ ಪರಿಹಾರ ದೊರೆಯಿತು. ಸರಪಣಿಯ ಉದ್ದ 33 ಅಡಿ. ಅದಕ್ಕೆ 16 ಆಣೆ. ಒಂದು ಸರಪಣಿ ಚೌಕ ಒಂದು ಗುಂಟೆ. 40 ಗುಂಟೆ ಒಂದು ಎಕರೆ. ಹೊಲಕ್ಕೊಂದು ನಂಬರು, ನಂಬರಿಗೊಂದು ನಕ್ಷೆ.

ಹಾಗಾದರೆ ಚೆಕ್ಕುಬಂದಿ ಬೇಡವಾಯಿತೇ? ಇಲ್ಲ. ಒಂದೇ ಸರ್ವೆ ನಂಬರನ್ನು ಹತ್ತು ನಿವೇಶನಗಳಾಗಿ ಒಡೆದ ಮೇಲೆ ನಂಬರೊಂದರಿಂದ ಯಾವ ನಿವೇಶನವೆಂದು ತಿಳಿಯದು. 1908ರ ನೋಂದಣಿ ಕಾಯಿದೆಯ 21ನೆಯ ಕಲಮು, ಸ್ವತ್ತನ್ನು ಗುರುತಿಸಲು ಸಾಕಾಗುವಷ್ಟು ವರ್ಣನೆ ಪತ್ರದಲ್ಲಿರಬೇಕೆಂದು ವಿಧಿಸುತ್ತದೆ. ಅಳತೆಗೂ ಎಲ್ಲೆಗೂ ವಿರೋಧ ಬಂದರೆ, ನ್ಯಾಯಾಲಯಗಳು ಸಾಮಾನ್ಯವಾಗಿ ಸ್ಪಷ್ಟವಾದ ಎಲ್ಲೆಗೇ ಹೆಚ್ಚು ಬೆಲೆ ಕೊಡುತ್ತವೆ.

ಆದುದರಿಂದ ‘ಉತ್ತರಕ್ಕೆ ಮಾರಿದವರ ಉಳಿಕೆ ಜಮೀನು’ ಎಂದಷ್ಟೇ ಬರೆದು ತೃಪ್ತರಾಗುವುದು ಅಪಾಯಕರ. ಆ ಉಳಿಕೆ ಎಲ್ಲಿಂದ ಮೊದಲಾಗುತ್ತದೆ? ಕೊಟ್ಟವರೂ ಕೊಂಡವರೂ ಬದುಕಿರುವವರೆಗೆ ಅದು ಇಬ್ಬರಿಗೂ ಗೊತ್ತು. ಮೊಮ್ಮಕ್ಕಳ ಕಾಲಕ್ಕೆ ಅದೇ ವ್ಯಾಜ್ಯ. ಊರು, ನಂಬರು, ನಾಲ್ಕು ಬದಿಯ ಅಳತೆ, ನಾಲ್ಕು ಎಲ್ಲೆ, ಇವೆಲ್ಲವೂ ಒಂದಕ್ಕೊಂದು ಹೊಂದಬೇಕು. ರುಜು ಹಾಕುವ ಮೊದಲು ಪತ್ರವನ್ನು ಕೈಯಲ್ಲಿ ಹಿಡಿದು ನೆಲವನ್ನು ಒಮ್ಮೆ ಸುತ್ತಿ ಬರಬೇಕು. ದಾನವು ಆಚಂದ್ರಾರ್ಕವಾಗಿ ನಿಲ್ಲಲೆಂದು ಬಯಸಿದ ನಮ್ಮ ಹಿರಿಯರು ಅದಕ್ಕಾಗಿ ಮಾಡಿದ್ದೂ ಇಷ್ಟೇ.